ಸಹಾಯ ಬೇಕು: ಶಾಲಾ ಕೌನ್ಸೆಲರ್ ಅನುದಾನದ ಮನವಿಗೆ ಅಂಕಿಅಂಶ

ಅಮೆರಿಕದಲ್ಲಿರುವ ಕನ್ನಡದ ಪೋಷಕರು, ಶಿಕ್ಷಕರಲ್ಲಿ ಒಂದು ಕೋರಿಕೆ. ರಾಜ್ಯ ಶಾಸನಸಭೆಗಳ ಬಜೆಟ್ ಸಮಿತಿಗೆ ಕೊಡಲು ಒಂದು ಪುಟದ ಮನವಿಯ ಮಾದರಿ ಸಿದ್ಧವಾಗುತ್ತಿದೆ. ನಿಮ್ಮ ಶಾಲಾ ಡಿಸ್ಟ್ರಿಕ್ಟಿನ ಮೂರು ವಿವರ ಬೇಕು: ಒಟ್ಟು ವಿದ್ಯಾರ್ಥಿಗಳು ಎಷ್ಟು, ಕೌನ್ಸೆಲರ್‌ಗಳು ಎಷ್ಟು, ಅವರ ಸಂಬಳ ಯಾವ ನಿಧಿಯಿಂದ ಬರುತ್ತದೆ.

ಎಣಿಸುವಾಗ ಎಚ್ಚರ. ಎರಡು ಶಾಲೆಗೆ ಹಂಚಿಹೋದ ಒಬ್ಬರನ್ನು ಎರಡೂ ಕಡೆ ‘1’ ಎಂದು ಬರೆದುಬಿಡುತ್ತಾರೆ. ಒಂದೊಂದು ಕಡೆ 0.5 ಎಂದೇ ಹಾಕಿ. ಸೋಶಿಯಲ್ ವರ್ಕರ್, ಸೈಕಾಲಜಿಸ್ಟ್‌ಗಳನ್ನು ಇದರಲ್ಲಿ ಸೇರಿಸಬೇಡಿ. ಅಮೆರಿಕನ್ ಸ್ಕೂಲ್ ಕೌನ್ಸೆಲರ್ ಅಸೋಸಿಯೇಷನ್ ಹೇಳುವುದು 250 ಮಕ್ಕಳಿಗೆ ಒಬ್ಬರು. 1,000 ಮಕ್ಕಳ ಶಾಲೆಯಲ್ಲಿ ಇಬ್ಬರೇ ಇದ್ದರೆ ಇನ್ನೂ ಇಬ್ಬರ ಕೊರತೆ. ಮನವಿಯ ಮೊದಲ ಸಾಲಿಗೆ ಈ ಒಂದು ಲೆಕ್ಕ ಸಾಕು.

ನಿಜವಾಗಿ ಎಡವುವುದು ಮೂರನೆಯ ವಿವರದಲ್ಲಿ. ಶಾಲೆಗಳಿಗೆ ಬಂದ ಫೆಡರಲ್ ಕೋವಿಡ್ ಪರಿಹಾರದ ಕೊನೆಯ ಕಂತಿನ ಹಣವನ್ನು ಬದ್ಧಗೊಳಿಸುವ, ಅಂದರೆ ಇಂಥ ಖರ್ಚಿಗೆ ಎಂದು ಒಪ್ಪಂದ ಮಾಡಿಕೊಳ್ಳುವ, ಗಡುವು 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಆ ಹಣ ನಂಬಿ ತುಂಬಿದ ಹುದ್ದೆಗಳಿಗೆ ಬೇರೆ ಆಸರೆ ಬೇಕು. ಟೈಟಲ್ 4-ಎ ಎಂಬ, ಶಾಲೆಗಳಿಗೆ ಸಿಗುವ ಫೆಡರಲ್ ಅನುದಾನದ ಹಣವನ್ನು ಕೌನ್ಸೆಲಿಂಗ್‌ಗೆ ಬಳಸಬಹುದು. ಆದರೆ ರಾಜ್ಯ ಅಥವಾ ಡಿಸ್ಟ್ರಿಕ್ಟ್ ಈಗಾಗಲೇ ಕೊಡುತ್ತಿರುವ ಸಂಬಳವನ್ನು ನಿಲ್ಲಿಸಿ ಆ ಜಾಗಕ್ಕೆ ಇದನ್ನು ತರುವಂತಿಲ್ಲ. ಅದಕ್ಕೇ ಒಂದೇ ವರ್ಷದ ಗ್ರಾಂಟ್ ಬೇಡ, ರಾಜ್ಯದ ಶಾಲಾ ಅನುದಾನ ಸೂತ್ರದಲ್ಲೇ ಈ ಹುದ್ದೆಗೆ ಪ್ರತ್ಯೇಕ ಮೊತ್ತ ಇರಲಿ ಎಂದು ಕೇಳುವುದು ಸರಿ. ಹಣ ಇಡದೆ ಅನುಪಾತವನ್ನಷ್ಟೇ ಹೇಳುವ ಕಾಯ್ದೆ ಕಾಗದದಲ್ಲೇ ಉಳಿಯುತ್ತದೆ.

ಕೌನ್ಸೆಲರ್‌ಗಳಿಗೆ ಪರೀಕ್ಷಾ ಮೇಲ್ವಿಚಾರಣೆ, ಊಟದ ಕೋಣೆ ಕಾಯುವ ಕೆಲಸ ವಾರಕ್ಕೆ ಎಷ್ಟು ಗಂಟೆ ಬೀಳುತ್ತದೆಂದು ಗೊತ್ತಿದ್ದರೆ ಅದನ್ನೂ ದಯವಿಟ್ಟು ತಿಳಿಸಿ. ಮಕ್ಕಳ ಹೆಸರು, ಖಾಸಗಿ ಸಂಗತಿ ಮಾತ್ರ ಬೇಡ.