ಜೆಟ್ ಎಂಜಿನ್ ಕೈಗೆ ಬಂದ ಮೇಲೆ ವೇಗದಾಖಲೆಯ ಕಾರಿನಲ್ಲಿ ಕಷ್ಟವಾದದ್ದು ಯಾವುದು?

ಪ್ರಶ್ನೆ

ನೆಲದ ಮೇಲಿನ ವೇಗದ ವಿಶ್ವದಾಖಲೆ 1997ರ ಅಕ್ಟೋಬರ್ 15ರಿಂದ ಅಲುಗಾಡದೆ ನಿಂತಿದೆ. ಅಂದು ಅಮೆರಿಕದ ನೆವಾಡಾ ರಾಜ್ಯದ ಬ್ಲ್ಯಾಕ್ ರಾಕ್ ಮರುಭೂಮಿಯಲ್ಲಿ ಆಂಡಿ ಗ್ರೀನ್ ಅವರು ಬ್ರಿಟನ್ನಿನ ಥ್ರಸ್ಟ್ ಎಸ್‌ಎಸ್‌ಸಿ ಕಾರನ್ನು ಗಂಟೆಗೆ 1,227.985 ಕಿ.ಮೀ. ವೇಗದಲ್ಲಿ ಓಡಿಸಿದರು. ಅಧಿಕೃತ ದಾಖಲೆಯ ಓಟದಲ್ಲಿ ಧ್ವನಿಯ ವೇಗವನ್ನು ದಾಟಿದ ಕಾರು ಇಂದಿಗೂ ಅದೊಂದೇ. ಅದರಲ್ಲಿದ್ದದ್ದು ಬ್ರಿಟನ್ನಿನ ಫ್ಯಾಂಟಮ್ ಯುದ್ಧವಿಮಾನಗಳಿಗೆ ಬಳಸಿದ್ದ ಮಾದರಿಯ ಎರಡು ರೋಲ್ಸ್‌ರಾಯ್ಸ್ ಸ್ಪೇ ಎಂಜಿನ್‌ಗಳು. ಅವುಗಳಿಗಿಂತ ಹಗುರವಾದ, ತೂಕಕ್ಕೆ ಹೋಲಿಸಿದರೆ ಹೆಚ್ಚು ನೂಕುಬಲ ಕೊಡುವ ಎಂಜಿನ್‌ಗಳು ಬಂದು ದಶಕಗಳೇ ಆದವು. ಗಾಳಿಯ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕುವ ಸಾಮರ್ಥ್ಯವಂತೂ ಎಷ್ಟೋ ಪಟ್ಟು ಬೆಳೆದಿದೆ.

ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವನು. ಕೆಲವು ಗೆಳೆಯರ ಜೊತೆ ಇಂಥದೊಂದು ಕಾರಿನ ವಿನ್ಯಾಸವನ್ನು ಸದ್ಯಕ್ಕೆ ಕಾಗದದ ಮೇಲೆ ಮಾಡುತ್ತಿದ್ದೇನೆ. ಸೇವೆಯಿಂದ ನಿವೃತ್ತವಾದ ಯುದ್ಧವಿಮಾನದ, ಆಫ್ಟರ್‌ಬರ್ನರ್ (ಹೊರಬರುವ ಬಿಸಿ ಅನಿಲದಲ್ಲಿ ಮತ್ತೆ ಇಂಧನ ಉರಿಸಿ ನೂಕುಬಲ ಹೆಚ್ಚಿಸುವ ಭಾಗ) ಸಹಿತ ಎಂಜಿನ್ ಒಂದು ದೊರೆಯಿತು ಎಂದೇ ಇಟ್ಟುಕೊಳ್ಳೋಣ. ಅಲ್ಲಿಂದ ಮುಂದೆ ನಿಜವಾದ ಕಷ್ಟ ಎಲ್ಲಿದೆ, ವಿನ್ಯಾಸವನ್ನು ಯಾವ ಕಡೆಯಿಂದ ಆರಂಭಿಸಬೇಕು ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಮೊದಲ ಉತ್ತರ

ಇಡೀ ಕಾರಿನಲ್ಲಿ ಎಂಜಿನ್ ಒಂದನ್ನು ಮಾತ್ರ ಬೇರೆಯವರು ಆಗಲೇ ವಿನ್ಯಾಸ ಮಾಡಿ, ಓಡಿಸಿ ನೋಡಿ, ದೋಷಗಳನ್ನು ತಿದ್ದಿ ಮುಗಿಸಿರುತ್ತಾರೆ. ಉಳಿದದ್ದೆಲ್ಲವನ್ನೂ ನೀವೇ ಮೊದಲಿನಿಂದ ಕಟ್ಟಬೇಕು. ಅದರಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು ಕಾರನ್ನು ನೆಲ ಬಿಡದಂತೆ ಉಳಿಸಿಕೊಳ್ಳುವುದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಸಮುದ್ರಮಟ್ಟದ ಗಾಳಿಯಲ್ಲಿ ಸೆಕೆಂಡಿಗೆ 340 ಮೀಟರ್ ವೇಗದಲ್ಲಿ ಸಾಗುವಾಗ ಗಾಳಿಯ ಚಲನೆಯಿಂದ ಹುಟ್ಟುವ ಒತ್ತಡ ಪ್ರತಿ ಚದರ ಮೀಟರಿಗೆ ಸುಮಾರು 7 ಟನ್ ತೂಕಕ್ಕೆ ಸಮ. ಕಾರಿನ ತಳದ ವಿಸ್ತೀರ್ಣ 20 ಚದರ ಮೀಟರ್ ಎಂದುಕೊಂಡರೆ, ಆ ಒತ್ತಡದ ಹತ್ತರಲ್ಲಿ ಒಂದು ಪಾಲು ಮೇಲ್ಮುಖವಾಗಿ ತಿರುಗಿದರೂ 14 ಟನ್ ಬಲ ಕಾರನ್ನು ಎತ್ತತೊಡಗುತ್ತದೆ. ಥ್ರಸ್ಟ್ ಎಸ್‌ಎಸ್‌ಸಿಯ ತೂಕ ಸುಮಾರು 10 ಟನ್ ಮಾತ್ರ. ಮೂತಿ ಸ್ವಲ್ಪವೇ ಮೇಲೆದ್ದರೆ ತಳದ ಕೆಳಗೆ ಹೆಚ್ಚು ಗಾಳಿ ನುಗ್ಗುತ್ತದೆ, ನುಗ್ಗಿದ ಗಾಳಿ ಮೂತಿಯನ್ನು ಇನ್ನಷ್ಟು ಎತ್ತುತ್ತದೆ, ಮುಂದಿನದು ಚಾಲಕನ ಕೈಯಲ್ಲಿ ಇರುವುದಿಲ್ಲ. ಹಾಗೆಂದು ಕಾರನ್ನು ಬಲವಾಗಿ ಕೆಳಕ್ಕೆ ಒತ್ತುವಂತೆ ರೂಪಿಸಿದರೂ ಆಗದು. ಆಗ ಚಕ್ರಗಳು ನೆಲದಲ್ಲಿ ಹೂತು ತಡೆ ಹೆಚ್ಚುತ್ತದೆ, ಸಸ್ಪೆನ್ಷನ್ ಮುರಿಯುವಷ್ಟು ಹೊರೆ ಬೀಳುತ್ತದೆ. ಮೇಲಕ್ಕೂ ಇಲ್ಲ, ಕೆಳಕ್ಕೂ ಹೆಚ್ಚಿಲ್ಲ ಎಂಬ ಬಹಳ ಕಿರಿದಾದ ಅಂತರದೊಳಗೆ ಕಾರು ನಿಂತ ಸ್ಥಿತಿಯಿಂದ ಗರಿಷ್ಠ ವೇಗದವರೆಗೆ ಇರಬೇಕು.

ಈ ಅಂತರವನ್ನು ಅತ್ಯಂತ ಕಠಿಣಗೊಳಿಸುವುದು ಧ್ವನಿವೇಗದ ಆಸುಪಾಸಿನ ವಲಯ. ಕಾರು ಧ್ವನಿಯ ವೇಗವನ್ನು ತಲುಪುವ ಮೊದಲೇ ಅದರ ಉಬ್ಬುಗಳ ಸುತ್ತ ಹರಿಯುವ ಗಾಳಿ ಆ ವೇಗವನ್ನು ದಾಟಿರುತ್ತದೆ, ಅಲ್ಲಲ್ಲಿ ಆಘಾತ ತರಂಗಗಳು, ಅಂದರೆ ಗಾಳಿಯ ಒತ್ತಡ ಹಠಾತ್ತನೆ ಏರುವ ಅಲೆಗಳು, ಹುಟ್ಟುತ್ತವೆ, ವೇಗ ಏರಿದಂತೆ ಅವು ಹಿಂದಕ್ಕೆ ಸರಿಯುತ್ತ ಹೋಗುತ್ತವೆ. ವಿಮಾನದ ಕೆಳಗೆ ತೆರೆದ ಆಕಾಶವಿರುತ್ತದೆ. ಕಾರಿನ ಕೆಳಗೆ ಕೆಲವೇ ಅಂಗುಲದ ಅಂತರದಲ್ಲಿ ನೆಲವಿರುವುದರಿಂದ ಆ ತರಂಗಗಳು ನೆಲಕ್ಕೆ ಬಡಿದು ತಳಕ್ಕೇ ಮರಳುತ್ತವೆ. ಒತ್ತಡದ ಕೇಂದ್ರ, ಅಂದರೆ ಗಾಳಿಯ ಒಟ್ಟು ಬಲ ಬೀಳುವ ಬಿಂದು, ಕೆಲವೇ ಸೆಕೆಂಡುಗಳಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಬಹುದು.

ಇದನ್ನು ಗಾಳಿಸುರಂಗದಲ್ಲಿ ಪರೀಕ್ಷಿಸಬಾರದೇ ಎಂದು ನೀವು ಕೇಳಬಹುದು. ಸುರಂಗದಲ್ಲಿ ಗಾಳಿಯನ್ನು ಆ ವೇಗಕ್ಕೆ ತರಬಹುದು, ಆದರೆ ಮಾದರಿಯ ಕೆಳಗಿನ ನೆಲವನ್ನೂ ಅದೇ ವೇಗದಲ್ಲಿ ಓಡಿಸಲಾಗದು, ಮತ್ತು ನೆಲ ಓಡದಿದ್ದರೆ ತಳದ ಹರಿವಿನ ಅಳತೆ ನಂಬಲರ್ಹವಾಗಿರುವುದಿಲ್ಲ. ಥ್ರಸ್ಟ್ ಎಸ್‌ಎಸ್‌ಸಿಯ ವಾಯುಚಲನ ವಿನ್ಯಾಸ ಮಾಡಿದ ರಾನ್ ಏಯರ್ಸ್ ಕ್ಷಿಪಣಿಗಳ ಕೆಲಸದಲ್ಲಿ ಪಳಗಿದವರು. ಅವರ ತಂಡ ವೇಲ್ಸ್‌ನ ಪೆಂಡೈನ್‌ನಲ್ಲಿ ಕಾರಿನ ಸಣ್ಣ ಮಾದರಿಯನ್ನು ರಾಕೆಟ್ ಬಂಡಿಗೆ ಕಟ್ಟಿ ಹಳಿಯ ಮೇಲೆ ಹಾರಿಸಿ, ಅಲ್ಲಿ ಅಳೆದ ಒತ್ತಡಗಳನ್ನು ಕಂಪ್ಯೂಟರಿನ ಲೆಕ್ಕದೊಂದಿಗೆ ಹೋಲಿಸಿತು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ವಿಧಾನಗಳು ಒಂದೇ ಉತ್ತರ ಕೊಟ್ಟಾಗಲೇ ಆಕಾರವನ್ನು ನಂಬಿದರು. ನನ್ನ ಮಟ್ಟಿಗೆ ಆ ಇಡೀ ಯೋಜನೆಯಲ್ಲಿ ಅತ್ಯಂತ ಗೌರವ ಹುಟ್ಟಿಸುವ ನಿರ್ಧಾರ ಇದೇ.

ಆಕಾರ ಒಮ್ಮೆ ನಿಶ್ಚಯವಾದರೆ ಉಳಿದ ನಿರ್ಧಾರಗಳು ಒಂದರ ಹಿಂದೊಂದು ಬರುತ್ತವೆ. ಎರಡು ಎಂಜಿನ್‌ಗಳನ್ನು ಮುಂಭಾಗದ ಎರಡೂ ಬದಿಗೆ ಇಟ್ಟದ್ದರಿಂದ ತೂಕ ಮುಂದಕ್ಕೆ ಬಂತು, ಕಾರು ಬಾಣದಂತೆ ನೇರವಾಗಿ ಹೋಗುವ ಗುಣ ಪಡೆಯಿತು. ಆದರೆ ಮುಂದಿನ ಚಕ್ರಗಳನ್ನು ತಿರುಗಿಸಲು ಅಲ್ಲಿ ಜಾಗವೇ ಉಳಿಯಲಿಲ್ಲ. ಹಾಗಾಗಿ ಹಿಂದಿನ ಚಕ್ರಗಳಿಂದ ದಿಕ್ಕು ಬದಲಿಸುವ ವ್ಯವಸ್ಥೆ ಮಾಡಿ, ಅದನ್ನು ಮೊದಲು ಒಂದು ಹಳೆಯ ಮಿನಿ ಕಾರಿಗೆ ಅಳವಡಿಸಿ ಓಡಿಸಿ ನೋಡಿದರು. ಎಂಜಿನ್ ಒಂದೇ ಆದರೆ ಈ ತೊಡಕು ಬಾರದು, ಆದರೆ ಒಂದೇ ಎಂಜಿನ್ ಸಾಕಾಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಯೂರೋಫೈಟರ್ ಟೈಫೂನ್ ವಿಮಾನದ ಇಜೆ200 ಎಂಜಿನ್ ಹೊತ್ತ ಬ್ಲಡ್‌ಹೌಂಡ್ ಕಾರು 2019ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಹಕ್ಸ್‌ಕೀನ್ ಪ್ಯಾನ್‌ನಲ್ಲಿ ಆ ಎಂಜಿನ್ ಒಂದರಿಂದಲೇ ಗಂಟೆಗೆ ಸುಮಾರು 1,010 ಕಿ.ಮೀ. ತಲುಪಿತು. ದಾಖಲೆ ಮುರಿಯಲು ಅದಕ್ಕೆ ರಾಕೆಟ್ ಕೂಡ ಸೇರಿಸುವುದೇ ಯೋಜನೆಯಾಗಿತ್ತು. ಧ್ವನಿವೇಗದ ಬಳಿ ಗಾಳಿಯ ತಡೆ ಹಠಾತ್ತನೆ ಏರುವುದರಿಂದ ಕೊನೆಯ ಇನ್ನೂರು ಕಿ.ಮೀ. ವೇಗಕ್ಕೆ ಇಷ್ಟೊಂದು ಹೆಚ್ಚುವರಿ ಬಲ ಬೇಕಾಗುತ್ತದೆ.

ಎರಡನೆಯ ಉತ್ತರ

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಆಕಾರಕ್ಕಿಂತ ಮೊದಲು ನೆಲವನ್ನು ನೋಡಬೇಕೆಂಬುದು ನನ್ನ ವಾದ. ಯಾವ ನೆಲದ ಮೇಲೆ ಓಡಿಸುತ್ತೀರಿ ಎಂಬುದು ತಿಳಿಯದೆ ಚಕ್ರದ ಅಗಲವನ್ನಾಗಲಿ, ಸಸ್ಪೆನ್ಷನ್ನಿನ ಬಿಗಿಯನ್ನಾಗಲಿ, ತಳ ನೆಲದಿಂದ ಎಷ್ಟು ಎತ್ತರದಲ್ಲಿರಬೇಕೆಂಬುದನ್ನಾಗಲಿ ತೀರ್ಮಾನಿಸಲಾಗದು.

ಎಷ್ಟು ಉದ್ದ ಬೇಕೆಂಬುದನ್ನು ನೋಡಿ. ಸರಾಸರಿ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 8 ಮೀಟರ್ ಇದ್ದರೆ, ಸೆಕೆಂಡಿಗೆ 340 ಮೀಟರ್ ವೇಗ ತಲುಪಲು 7 ಕಿ.ಮೀ.ಗಿಂತ ಹೆಚ್ಚು ದೂರ ಬೇಕು. ದಾಖಲೆಗಾಗಿ ವೇಗವನ್ನು ಅಳೆಯುವ ಒಂದು ಮೈಲಿ ಐದು ಸೆಕೆಂಡಿನೊಳಗೆ ಮುಗಿದುಹೋಗುತ್ತದೆ. ನಿಲ್ಲಲು ಇನ್ನೂ ಸುಮಾರು 6 ಕಿ.ಮೀ. ಸುರಕ್ಷತೆಗೆ ಬಿಡುವ ಜಾಗವನ್ನೂ ಸೇರಿಸಿದರೆ 16 ಕಿ.ಮೀ.ಗಿಂತ ಕಡಿಮೆಯ ಸಮತಟ್ಟು ನೆಲ ಉಪಯೋಗಕ್ಕೆ ಬಾರದು, ಅಗಲವೂ ಸಾಕಷ್ಟಿರಬೇಕು, ಏಕೆಂದರೆ ಕಾರು ಒಮ್ಮೆ ಹಾದುಹೋದ ಸಾಲಿನಲ್ಲಿ ಮೇಲ್ಪದರ ಒಡೆದಿರುವುದರಿಂದ ಮುಂದಿನ ಓಟಕ್ಕೆ ಪಕ್ಕದ ಹೊಸ ಸಾಲು ಬೇಕಾಗುತ್ತದೆ. ಇಷ್ಟು ಗುಣಗಳಿರುವ ಜಾಗಗಳು ಭೂಮಿಯ ಮೇಲೆ ಬೆರಳೆಣಿಕೆಯಷ್ಟೇ ಇವೆ. ಯೂಟಾ ರಾಜ್ಯದ ಬಾನ್‌ವಿಲ್ ಉಪ್ಪಿನ ಬಯಲು ಗಟ್ಟಿ, ಆದರೆ ಅದರ ಉಪ್ಪಿನ ಪದರ ದಶಕಗಳಿಂದ ತೆಳುವಾಗುತ್ತಿದೆ. ಬ್ಲ್ಯಾಕ್ ರಾಕ್‌ನದು ಒಣಗಿದ ಕೆರೆಯ ಜೇಡಿ, ಲೋಹದ ಚಕ್ರಕ್ಕೆ ಅದು ಹದವಾಗಿ ಒಗ್ಗುತ್ತದೆ. ಹಕ್ಸ್‌ಕೀನ್ ಪ್ಯಾನ್‌ನಲ್ಲಿ 300ಕ್ಕೂ ಹೆಚ್ಚು ಸ್ಥಳೀಯರು ವರ್ಷಗಟ್ಟಲೆ ದುಡಿದು ಸುಮಾರು 16,500 ಟನ್ ಕಲ್ಲನ್ನು ಕೈಯಿಂದಲೇ ಆರಿಸಿ ತೆಗೆದರು. ವೇಗದಾಖಲೆಯ ಇತಿಹಾಸದಲ್ಲಿ ಅವರ ದುಡಿಮೆಗೂ ಚಾಲಕನಷ್ಟೇ ಪಾಲು ಸಲ್ಲಬೇಕೆಂದು ನಾನು ನಂಬುತ್ತೇನೆ.

ಒಂದೊಂದು ಕಲ್ಲನ್ನೂ ಏಕೆ ತೆಗೆಯಬೇಕು ಎಂಬುದಕ್ಕೆ ಉತ್ತರ ಚಕ್ರದಲ್ಲಿದೆ. ತ್ರಿಜ್ಯ 45 ಸೆಂ.ಮೀ. ಇರುವ ಚಕ್ರ ಆ ವೇಗದಲ್ಲಿ ನಿಮಿಷಕ್ಕೆ ಸುಮಾರು 7,200 ಬಾರಿ ತಿರುಗುತ್ತದೆ, ಅದರ ಅಂಚಿನಲ್ಲಿ ಗುರುತ್ವದ ಸುಮಾರು 26,000 ಪಟ್ಟು ಬಲವಿರುತ್ತದೆ. ಅಂದರೆ ಅಂಚಿನಲ್ಲಿರುವ ಒಂದು ಗ್ರಾಂ ಲೋಹ 26 ಕಿಲೋ ಭಾರದಂತೆ ಹೊರಕ್ಕೆ ಎಳೆಯುತ್ತದೆ. ರಬ್ಬರ್ ಟಯರು ಇದನ್ನು ತಾಳಲಾರದು. ಆದ್ದರಿಂದಲೇ 1983ರಲ್ಲಿ ರಿಚರ್ಡ್ ನೋಬಲ್ ಗಂಟೆಗೆ 1,019 ಕಿ.ಮೀ. ವೇಗದಲ್ಲಿ ಓಡಿಸಿದ ಥ್ರಸ್ಟ್2 ಕಾರಿನಿಂದ ಹಿಡಿದು ಬ್ಲಡ್‌ಹೌಂಡ್‌ವರೆಗೆ ಅಲ್ಯೂಮಿನಿಯಂ ಮಿಶ್ರಲೋಹದ ಗಟ್ಟಿ ಚಕ್ರಗಳೇ ಬಂದಿವೆ. ಅಂಥ ಒತ್ತಡದಲ್ಲಿರುವ ಲೋಹಕ್ಕೆ ಸಣ್ಣ ಕಲ್ಲೊಂದು ತಗುಲಿ ಗೀರು ಬಿದ್ದರೂ ಅಲ್ಲಿಂದ ಬಿರುಕು ಹಬ್ಬಬಹುದು.

2019ರ ಆಗಸ್ಟ್ 27ರಂದು ಆರೆಗಾನ್ ರಾಜ್ಯದ ಆಲ್ವರ್ಡ್ ಮರುಭೂಮಿಯಲ್ಲಿ ಜೆಸ್ಸಿ ಕೋಂಬ್ಸ್ ಅವರು ಜೆಟ್ ಕಾರಿನ ಓಟದಲ್ಲಿ ಪ್ರಾಣ ಕಳೆದುಕೊಂಡರು. ಮುಂಚಕ್ರ ವಿಫಲವಾದದ್ದು ಅಪಘಾತಕ್ಕೆ ಕಾರಣವೆಂದು ತನಿಖೆಯಲ್ಲಿ ಕಂಡುಬಂತು, ನೆಲದ ಮೇಲಿದ್ದ ಯಾವುದೋ ವಸ್ತು ಬಡಿದಿರುವ ಸಾಧ್ಯತೆ ಇತ್ತು. ಅವರು ಅಂದು ಸಾಧಿಸಿದ 841.338 ಕಿ.ಮೀ. ವೇಗವನ್ನು ಗಿನ್ನೆಸ್ ಸಂಸ್ಥೆ ಮಹಿಳೆಯರ ದಾಖಲೆಯೆಂದು ಬಳಿಕ ಮಾನ್ಯ ಮಾಡಿತು. ನೀವು ಕಾಗದದ ಮೇಲೆ ಚಕ್ರವನ್ನು ಬರೆಯುವಾಗ ಈ ಘಟನೆ ನಿಮ್ಮ ಗಮನದಲ್ಲಿರಲಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಲ್ಲಿಯವರೆಗೆ ನಾವು ಗರಿಷ್ಠ ವೇಗವನ್ನೇ ಗುರಿಯಾಗಿಟ್ಟು ಲೆಕ್ಕ ಮಾಡುತ್ತಿದ್ದೆವು. ಎರಡು ದಿಕ್ಕಿನಲ್ಲೂ ಓಡಬೇಕೆಂಬ ನಿಯಮ ವಿನ್ಯಾಸದ ಮೇಲೆ ಎಷ್ಟು ಪರಿಣಾಮ ಬೀರುತ್ತದೆ? ನಿಲ್ಲಿಸುವ ವ್ಯವಸ್ಥೆಗೆ ಪ್ಯಾರಾಚೂಟ್‌ಗಳು ಸಾಕೇ?

ಮೂರನೆಯ ಉತ್ತರ

ಬಹಳ ಪರಿಣಾಮ ಬೀರುತ್ತದೆ. ಅಂತರರಾಷ್ಟ್ರೀಯ ಆಟೋಮೊಬೈಲ್ ಒಕ್ಕೂಟವಾದ ಎಫ್‌ಐಎ ನಿಯಮದಂತೆ ಅಳತೆಯ ಮೈಲಿ ಅಥವಾ ಕಿಲೋಮೀಟರನ್ನು ಒಂದು ಗಂಟೆಯೊಳಗೆ ಎರಡೂ ದಿಕ್ಕಿನಲ್ಲಿ ಕ್ರಮಿಸಬೇಕು, ಎರಡರ ಸರಾಸರಿಯೇ ದಾಖಲೆ. ಹಳೆಯ ದಾಖಲೆಯನ್ನು ಕನಿಷ್ಠ ಶೇ. 1ರಷ್ಟು ಮೀರಬೇಕಾದ್ದರಿಂದ ನಿಮ್ಮ ಗುರಿ ಗಂಟೆಗೆ 1,228 ಅಲ್ಲ, 1,240 ಕಿ.ಮೀ.ಗಿಂತ ಮೇಲೆ. ಚಕ್ರಗಳು ನಾಲ್ಕಕ್ಕಿಂತ ಕಡಿಮೆ ಇರುವಂತಿಲ್ಲ. 1963ರಲ್ಲಿ ಕ್ರೇಗ್ ಬ್ರೀಡ್‌ಲವ್ ಅವರ ಮೂರು ಚಕ್ರದ ಜೆಟ್ ಕಾರು ಸ್ಪಿರಿಟ್ ಆಫ್ ಅಮೆರಿಕಾ 407 ಮೈಲಿ ವೇಗ ದಾಟಿದರೂ ಕಾರಿನ ದಾಖಲೆಯಾಗಿ ಮಾನ್ಯವಾಗಲಿಲ್ಲ, ಮೋಟಾರ್‌ಸೈಕಲ್ ಒಕ್ಕೂಟವೇ ಅದನ್ನು ಒಪ್ಪಿಕೊಂಡಿತು.

ಒಂದು ಗಂಟೆ ಎಂಬುದು ಕೇಳಲು ದೀರ್ಘವಾಗಿದೆ. ಆದರೆ ಅಷ್ಟರಲ್ಲಿ ಕಾರು ನಿಲ್ಲಬೇಕು, ತಂಡ ಅದರ ಬಳಿ ತಲುಪಬೇಕು, ಬ್ರೇಕು ತಣಿಯಬೇಕು, ಚಕ್ರಗಳನ್ನು ಪರೀಕ್ಷಿಸಬೇಕು, ಇಂಧನ ತುಂಬಬೇಕು, ಹೊಸ ಪ್ಯಾರಾಚೂಟ್‌ಗಳನ್ನು ಕೂರಿಸಬೇಕು, ಕಾರನ್ನು ತಿರುಗಿಸಿ ಎಂಜಿನ್ ಮತ್ತೆ ಚಾಲೂ ಮಾಡಬೇಕು. 1997ರ ಅಕ್ಟೋಬರ್ 13ರಂದು ಥ್ರಸ್ಟ್ ಎಸ್‌ಎಸ್‌ಸಿ ಎರಡೂ ದಿಕ್ಕಿನಲ್ಲಿ ಧ್ವನಿವೇಗವನ್ನು ದಾಟಿಯೂ ಎರಡನೆಯ ಓಟ ಸುಮಾರು ಒಂದು ನಿಮಿಷ ತಡವಾದ್ದರಿಂದ ದಾಖಲೆ ಕೈತಪ್ಪಿತು. ಎರಡು ದಿನಗಳ ನಂತರ ಅದೇ ಕೆಲಸವನ್ನು ಸಮಯದೊಳಗೆ ಮಾಡಿ ಮುಗಿಸಿದರು. ಇಂಧನದ ಮುಚ್ಚಳ ಎಲ್ಲಿರಬೇಕು, ಪ್ಯಾರಾಚೂಟಿನ ಡಬ್ಬಿಯನ್ನು ಎಷ್ಟು ಬೋಲ್ಟ್‌ಗಳಿಂದ ಬಿಗಿಯಬೇಕು ಎಂಬುದನ್ನೂ ಗಡಿಯಾರ ಇಟ್ಟುಕೊಂಡೇ ನಿರ್ಧರಿಸಿ.

ನಿಲ್ಲಿಸುವ ವಿಷಯ. ಗರಿಷ್ಠ ವೇಗದಲ್ಲಿ ನೂಕುಬಲದಷ್ಟೇ ತಡೆ ಎದುರಿಗಿರುತ್ತದೆ, ಆದ್ದರಿಂದ ಥ್ರಾಟಲ್ ಮುಚ್ಚಿದ ಕ್ಷಣದಲ್ಲಿ ಗಾಳಿಯೇ ಅತಿ ದೊಡ್ಡ ಬ್ರೇಕು. ವೇಗ ಇಳಿದಂತೆ ಅದು ಕ್ಷೀಣಿಸುತ್ತದೆ, ಆಗ ಪ್ಯಾರಾಚೂಟ್ ಬೇಕು, ಕೊನೆಯಲ್ಲಿ ಚಕ್ರದ ಬ್ರೇಕು. ಗಂಟೆಗೆ 300 ಕಿ.ಮೀ.ಗೆ ಇಳಿಯುವ ಹೊತ್ತಿಗೆ ಚಲನಶಕ್ತಿಯ ಹದಿನಾರರಲ್ಲಿ ಒಂದು ಪಾಲು ಮಾತ್ರ ಉಳಿದಿರುತ್ತದೆ, ಬ್ರೇಕು ತಾಳುವುದು ಅಷ್ಟನ್ನೇ. ನಡುವಿನ ಹಂತ ಕೈಕೊಟ್ಟರೆ ಏನಾಗುತ್ತದೆಂಬುದಕ್ಕೆ 1964ರ ಅಕ್ಟೋಬರ್‌ನಲ್ಲಿ ಬಾನ್‌ವಿಲ್‌ನಲ್ಲಿ ನಡೆದದ್ದೇ ಸಾಕ್ಷಿ. ಬ್ರೀಡ್‌ಲವ್ ಅವರ ಕಾರಿನ ಪ್ಯಾರಾಚೂಟ್‌ಗಳು ಕಿತ್ತುಹೋಗಿ, ಬ್ರೇಕು ಸುಟ್ಟು, ಕಾರು ದೂರವಾಣಿ ಕಂಬವೊಂದನ್ನು ಮುರಿದು ಉಪ್ಪುನೀರಿನ ಹೊಂಡದಲ್ಲಿ ಮುಳುಗಿತು; ಅವರು ಈಜಿ ಹೊರಬಂದರು. ಆದ್ದರಿಂದ ಪ್ಯಾರಾಚೂಟ್ ಎರಡಿರಲಿ, ಎರಡನ್ನೂ ಬಿಚ್ಚುವ ವ್ಯವಸ್ಥೆಗಳು ಒಂದನ್ನೊಂದು ಅವಲಂಬಿಸದಿರಲಿ.

ಮೊದಲ ಉತ್ತರ ಬರೆದವರು

ನೆಲ ಮೊದಲೋ ಆಕಾರ ಮೊದಲೋ ಎಂಬುದರಲ್ಲಿ ಎರಡನೆಯ ಉತ್ತರದವರ ಮಾತಿಗೆ ತೂಕವಿದೆ. ಆದರೆ ಪ್ರಶ್ನೆ ಕೇಳಿದವರ ಕೈಯಲ್ಲಿ ಈಗ ಇರುವುದು ಕಾಗದ ಮತ್ತು ಕಂಪ್ಯೂಟರ್ ಮಾತ್ರ, ಅವುಗಳಿಂದ ಇಂದೇ ಆರಂಭಿಸಬಹುದಾದ ಕೆಲಸವೊಂದಿದೆ. ಗಂಟೆಗೆ 300 ಕಿ.ಮೀ.ಯಿಂದ ಮೇಲಕ್ಕೆ ಐವತ್ತೈವತ್ತು ಕಿ.ಮೀ.ಗೆ ಒಂದರಂತೆ ಪ್ರತಿ ವೇಗದಲ್ಲೂ ಪ್ರತಿ ಚಕ್ರದ ಮೇಲೆ ಎಷ್ಟು ಭಾರವಿರುತ್ತದೆ ಎಂಬುದನ್ನು ಲೆಕ್ಕಹಾಕಿ ಒಂದು ನಕ್ಷೆ ಮಾಡಿ. ಅದೇ ಲೆಕ್ಕವನ್ನು ಮೂತಿ ಕಾಲು ಡಿಗ್ರಿ ಮೇಲಿದ್ದಾಗ, ಕಾಲು ಡಿಗ್ರಿ ಕೆಳಗಿದ್ದಾಗ, ಅಡ್ಡಗಾಳಿ ಬೀಸುವಾಗ ಮತ್ತೆ ಮಾಡಿ. ಅಡ್ಡಗಾಳಿಯನ್ನು ಬಿಡಬೇಡಿ, 1996ರಲ್ಲಿ ಬ್ಲ್ಯಾಕ್ ರಾಕ್‌ನಲ್ಲಿ ಬ್ರೀಡ್‌ಲವ್ ಅವರ ಹೊಸ ಕಾರು ಗಂಟೆಗೆ ಸಾವಿರ ಕಿ.ಮೀ. ದಾಟಿದ್ದಾಗ ಒಂದು ಬದಿಗೆ ವಾಲಿ ದಾರಿ ತಪ್ಪಿದ್ದು ಅಡ್ಡಗಾಳಿಯಿಂದಲೇ. ಯಾವ ವೇಗದಲ್ಲಾಗಲಿ ಯಾವುದೇ ಚಕ್ರದ ಭಾರ ಸೊನ್ನೆಯ ಹತ್ತಿರ ಬಂದರೆ ಆಕಾರವನ್ನು ಬದಲಿಸಿ, ಎಂಜಿನ್ನಿನ ಮಾತನ್ನು ಅಲ್ಲಿಯವರೆಗೆ ಎತ್ತಬೇಡಿ. ಆ ನಕ್ಷೆ ಸಿದ್ಧವಾದಾಗ ಇಲ್ಲಿ ಹಾಕಿ, ಮುಂಚಕ್ರಗಳ ಗೆರೆಯನ್ನು ನಾನು ನಿಮ್ಮ ಜೊತೆ ಕೂತು ನೋಡುತ್ತೇನೆ.