ಮುಹಿಕಾ ಬಗ್ಗೆ ಮಕ್ಕಳಿಗೆ ಹೇಳೋದು ಎಲ್ಲಿಂದ ಶುರು ಮಾಡಲಿ?

ನಾನು ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಮುಂದಿನ ವಾರ ದಕ್ಷಿಣ ಅಮೆರಿಕದ ಉರುಗ್ವೆ ದೇಶದ ಮಾಜಿ ಅಧ್ಯಕ್ಷ ಹೊಸೆ ಮುಹಿಕಾ ಬಗ್ಗೆ ಅರ್ಧ ಗಂಟೆ ಮಾತಾಡಬೇಕು. ಎಲ್ಲಿ ಹುಡುಕಿದರೂ ಅವರು ಓಡಿಸುತ್ತಿದ್ದ ಅದೇ ಹಳೇ ಬೀಟಲ್ ಕಾರು, ಅದೇ ‘ಜಗತ್ತಿನ ಬಡ ಅಧ್ಯಕ್ಷ’. ಅವರ ರಾಜಕೀಯ ಬದುಕನ್ನು ಮಕ್ಕಳಿಗೆ ಮುಟ್ಟುವ ಹಾಗೆ ಯಾರಾದರೂ ಹೇಳಿ ನೋಡಿದ್ದೀರಾ?

---

ಮೇಡಂ, ನಮ್ಮೂರ ಗ್ರಂಥಾಲಯದಲ್ಲಿ ಎರಡು ಸಲ ಹೇಳಿದ್ದೇನೆ. ಮೊದಲ ಸಲ ಕಾರಿನಿಂದಲೇ ಶುರು ಮಾಡಿ ಕೆಟ್ಟೆ. ಮಕ್ಕಳು ಕೊನೆವರೆಗೂ ಕಾರು, ಮೂರು ಕಾಲಿನ ನಾಯಿ, ದಾನ ಕೊಟ್ಟ ಸಂಬಳ ಇಷ್ಟನ್ನೇ ಕೇಳಿದರು.

ಎರಡನೇ ಸಲ ಜೈಲಿನಿಂದ ಶುರು ಮಾಡಿದೆ. ಮುಹಿಕಾ ಆಗ ತುಪಮಾರೊ ಅನ್ನೋ ಎಡಪಂಥೀಯ ಸಶಸ್ತ್ರ ಸಂಘಟನೆಯಲ್ಲಿದ್ದರು. 1970ರಲ್ಲಿ ಪೊಲೀಸರ ಆರು ಗುಂಡು ತಿಂದು ಬದುಕಿದವರು. 1971ರಲ್ಲಿ ಪುಂತಾ ಕರೆತಾಸ್ ಜೈಲಿನಿಂದ ನೂರಕ್ಕೂ ಹೆಚ್ಚು ಜನರ ಜೊತೆ ಸುರಂಗದಲ್ಲಿ ತಪ್ಪಿಸಿಕೊಂಡವರು. 1972ರಲ್ಲಿ ಮತ್ತೆ ಸಿಕ್ಕಿಬಿದ್ದರು. ಮರುವರ್ಷ ಸೇನೆ ಅಧಿಕಾರ ಹಿಡಿಯಿತು. ತುಪಮಾರೊ ಸಂಘಟನೆಯ ಒಂಬತ್ತು ಮುಖಂಡರನ್ನು ಒತ್ತೆಯಾಳುಗಳಾಗಿ ಇಟ್ಟುಕೊಂಡಿತು. ಹೊರಗೆ ಸಂಘಟನೆ ಏನಾದರೂ ಮಾಡಿದರೆ ಇವರ ಜೀವ ಹೋಗುತ್ತಿತ್ತು. ಮುಹಿಕಾ ಅವರಲ್ಲಿ ಒಬ್ಬರು. ಒಂದು ಬ್ಯಾರಕ್‌ನಿಂದ ಇನ್ನೊಂದಕ್ಕೆ ಸಾಗಿಸುತ್ತಾ ಒಂಟಿಯಾಗಿ ಇಟ್ಟರು. ಏಳು ವರ್ಷ ಓದಲು ಒಂದು ಪುಸ್ತಕ ಕೊಡಲಿಲ್ಲ. ಇರುವೆ ಕಿರುಚುತ್ತದೆ, ಕಿವಿಗೆ ಹಿಡಿದರೆ ಕೇಳಿಸುತ್ತದೆ ಅಂತ ಆಮೇಲೆ ಅವರೇ ಹೇಳಿದ್ದಾರೆ. ಎಷ್ಟು ಒಂಟಿಯಾಗಿದ್ದರೆ ಮನುಷ್ಯನಿಗೆ ಇದು ಗೊತ್ತಾಗಬೇಕು!

ಇಲ್ಲಿಗೆ ಬಂದಾಗ ಒಬ್ಬ ಹುಡುಗ, “ಹೊರಗೆ ಬಂದ ಮೇಲೆ ಸೇಡು ತೀರಿಸಿಕೊಂಡ್ರಾ ಸರ್?” ಅಂತ ಕೇಳಿದ. ಮುಂದಿನ ಕಥೆಯೆಲ್ಲ ಆ ಪ್ರಶ್ನೆಗೆ ಉತ್ತರವಾಗಿಯೇ ಹೇಳಿದೆ. 1985ರಲ್ಲಿ ಕ್ಷಮಾದಾನ. 1994ರ ಚುನಾವಣೆಯಲ್ಲಿ ಸಂಸತ್ತಿನ ಕೆಳಮನೆಗೆ, 1999ರಲ್ಲಿ ಮೇಲ್ಮನೆಯಾದ ಸೆನೆಟ್‌ಗೆ. 2005ರಲ್ಲಿ ಕೃಷಿ, ಪಶುಸಂಗೋಪನೆ ಮಂತ್ರಿ. ಮನುಷ್ಯರಿಗಿಂತ ದನಗಳೇ ಜಾಸ್ತಿ ಇರುವ ದೇಶದಲ್ಲಿ ಅದು ಸಣ್ಣ ಖಾತೆಯಲ್ಲ. 2010ರ ಮಾರ್ಚ್ 1ಕ್ಕೆ ಅಧ್ಯಕ್ಷರು. ಅವತ್ತು ಪ್ರಮಾಣವಚನ ಬೋಧಿಸಿದ್ದು ಸೆನೆಟರ್ ಲುಸಿಯಾ ತೋಪೊಲಾನ್ಸ್ಕಿ. ಮುಹಿಕಾ ಅವರ ಹೆಂಡತಿ, ಅವರ ಹಾಗೆಯೇ ಜೈಲು ಕಂಡವರು. ಇದನ್ನು ಬಿಡಬೇಡಿ ಮೇಡಂ.

---

ನಾವು ಸೇವಂತಿಗೆ ಬೆಳೆಯುವವರು. ಮುಹಿಕಾ ಕೂಡ ಸೇವಂತಿಗೆ ಬೆಳೆಯುತ್ತಿದ್ದರು ಅಂತ ಗೊತ್ತಾದಾಗ ಅಪ್ಪನಿಗೆ ಓದಿ ಹೇಳಿದೆ. ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡಿದ್ದರು. ತಾಯಿಯ ಜೊತೆ ಹೂ ಬೆಳೆದು ಮಾರುತ್ತಿದ್ದರು. ಅಧ್ಯಕ್ಷರಾದ ಮೇಲೂ ರಾಜಧಾನಿ ಮಾಂಟೆವಿಡಿಯೊ ಹೊರವಲಯದ ತಮ್ಮ ತೋಟದ ಮನೆ ಬಿಡಲಿಲ್ಲ. ಅಪ್ಪ ಕೇಳಿದ್ದು ಒಂದೇ: “ಕಳೆ ಅವರೇ ಕೀಳ್ತಿದ್ರಾ?” ಹಳ್ಳಿ ಮಕ್ಕಳಿದ್ದರೆ ಹೂವಿನ ಕಥೆ ಸ್ವಲ್ಪ ಹೇಳಿ.

---

ಒಂದು ಎಚ್ಚರಿಕೆ. ಮುಹಿಕಾ ಸರ್ವಾಧಿಕಾರದ ವಿರುದ್ಧ ಬಂದೂಕು ಎತ್ತಿದರು ಅಂತ ತುಂಬಾ ಜನ ಹೇಳುತ್ತಾರೆ. ನಾನೂ ಹಾಗೇ ಹೇಳಿದ್ದೆ, ತಪ್ಪು. ತುಪಮಾರೊಗಳು ಶುರುವಾಗಿದ್ದು 1960ರ ದಶಕದಲ್ಲಿ. ಆಗ ದೇಶದಲ್ಲಿ ಚುನಾವಣೆ ನಡೆಯುತ್ತಿತ್ತು. ಬ್ಯಾಂಕ್ ದರೋಡೆ, ಅಪಹರಣ, ಕೊಲೆ ಎಲ್ಲ ನಡೆದವು. ಸೇನೆ ಅಧಿಕಾರ ಹಿಡಿಯುವ ಮೊದಲೇ ಅವರು ಸೋತಿದ್ದರು. ಮಕ್ಕಳ ಮುಂದೆ ಇದನ್ನು ಮುಚ್ಚಿಡಬೇಡಿ. ಬಂದೂಕು ಬಿಟ್ಟು ಮತಪೆಟ್ಟಿಗೆಗೆ ಬಂದದ್ದರ ತೂಕ ಆಗಲೇ ಗೊತ್ತಾಗೋದು.

ಅಧಿಕಾರದ ಐದು ವರ್ಷವೂ ಬರೀ ಹೊಗಳಿಕೆಯಲ್ಲ. ಗರ್ಭಪಾತ, ಸಲಿಂಗ ವಿವಾಹ, ಗಾಂಜಾ ಈ ಮೂರನ್ನೂ ಕಾನೂನುಬದ್ಧ ಮಾಡಿದರು. ಗಾಂಜಾ ಕಾನೂನನ್ನು ಸಮೀಕ್ಷೆಗಳಲ್ಲಿ ಹೆಚ್ಚಿನ ಜನ ಒಪ್ಪಿರಲಿಲ್ಲ. ಕಳ್ಳಸಾಗಣೆಯವರ ಕೈಯಿಂದ ವ್ಯಾಪಾರ ಕಿತ್ತುಕೊಳ್ಳಬೇಕು ಅನ್ನೋದು ಅವರ ವಾದ. ಶಿಕ್ಷಣವೇ ಮೊದಲು ಅಂದಿದ್ದರು, ಅಂದಷ್ಟು ಆಗಲಿಲ್ಲ. ಮೇಡಂ, ನೀವು ಟೀಚರ್, ಇದನ್ನು ಹೇಳಲೇಬೇಕು.

---

ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಕೂತು ಓದುವಾಗ 2020ರ ಅಕ್ಟೋಬರ್ 20 ಸಿಕ್ಕಿತು. ಅವತ್ತು ಮುಹಿಕಾ ಸೆನೆಟ್‌ಗೆ ರಾಜೀನಾಮೆ ಕೊಟ್ಟರು. ಅದೇ ದಿನ ಎದುರು ಪಕ್ಷದ ಹೂಲಿಯೊ ಮರಿಯಾ ಸಾಂಗಿನೆತ್ತಿ ಕೂಡ ಕೊಟ್ಟರು. 1985ರಲ್ಲಿ ಮುಹಿಕಾ ಬಿಡುಗಡೆಯಾದಾಗ ಅಧ್ಯಕ್ಷರಾಗಿದ್ದವರು ಇದೇ ಸಾಂಗಿನೆತ್ತಿ. ನನ್ನ ತೋಟದಲ್ಲಿ ದಶಕಗಳಿಂದ ದ್ವೇಷ ಬೆಳೆಸಿಲ್ಲ ಅಂತ ಮುಹಿಕಾ ಅವತ್ತು ಹೇಳಿದರು. ಸದನದಲ್ಲಿ ಮಾಸ್ಕ್ ಹಾಕಿಕೊಂಡೇ ಇಬ್ಬರು ಮುದುಕರೂ ಅಪ್ಪಿಕೊಂಡರು. ಮೊದಲು ಆ ಫೋಟೋ ತೋರಿಸಿ, ಇವರಿಬ್ಬರು ಯಾರು ಅಂತ ಕೇಳುತ್ತೇನೆ. ಬೀಟಲ್ ಕಾರನ್ನು ಮಕ್ಕಳೇ ಕೇಳಿದರೆ ಹೇಳಿದರಾಯಿತು.