ಅಪ್‌ಗ್ರೇಡ್ ಆದ ಮೇಲೆ ಕಂಪ್ಯೂಟರ್ ಹೆಸರೇ ಮಾಯ, ನೀವು ಏನು ಮಾಡಿದಿರಿ?

ಪ್ರೆಸ್‌ಹುಡುಗ: ಅಂಗಡಿಯ ಲಿನಕ್ಸ್ ಮೆಷಿನ್ ಉಬುಂಟು 22.04ರಿಂದ 24.04ಕ್ಕೆ ಹೋಯಿತು. ಕಮಾಂಡ್ ಹೊಡೆಯುವ ಟರ್ಮಿನಲ್‌ನಲ್ಲಿ ಮೆಷಿನ್ ಹೆಸರಿನ ಜಾಗದಲ್ಲಿ ಈಗ ಬರೀ ಲೋಕಲ್‌ಹೋಸ್ಟ್. ಪಕ್ಕದ ವಿಂಡೋಸ್ ಮೆಷಿನ್‌ಗಳಿಗೆ ಶೇರ್ ಫೋಲ್ಡರ್ ಕಾಣುತ್ತಿಲ್ಲ. ಅನುಭವ ಇದ್ದವರು ಹೇಳಿ.

ಡೆಬಿಯನ್‌ದಾಸ: ನನಗೆ ಡೆಬಿಯನ್ (ಇನ್ನೊಂದು ಲಿನಕ್ಸ್) 12ರಿಂದ 13ಕ್ಕೆ ಹೋದಾಗ ಇದೇ ಗೋಳು. ಇಟಿಸಿ ಅನ್ನುವ ಸೆಟ್ಟಿಂಗ್ ಫೋಲ್ಡರ್‌ನಲ್ಲಿ ಮೆಷಿನ್ ಹೆಸರು ಇರುವ ಹೋಸ್ಟ್‌ನೇಮ್ ಫೈಲ್ ಖಾಲಿ. ಹೋಸ್ಟ್‌ನೇಮ್‌ಸಿಟಿಎಲ್ ಕಮಾಂಡ್‌ನಲ್ಲಿ ಹೆಸರು ಕೊಟ್ಟೆ, ಬಂತು. ಆದರೆ ಸುಡೊ (ಅಡ್ಮಿನ್ ಆಗಿ ಕೆಲಸ ಮಾಡಿಸುವ ಕಮಾಂಡ್) ಹೊಡೆದಾಗಲೆಲ್ಲ 'ಅನೇಬಲ್ ಟು ರಿಸಾಲ್ವ್ ಹೋಸ್ಟ್', ಅಂದರೆ ಈ ಹೆಸರಿನ ವಿಳಾಸ ಸಿಗುತ್ತಿಲ್ಲ ಅಂತ. ಹೆಸರಿಗೆ ವಿಳಾಸ ಹೇಳುವ ಹೋಸ್ಟ್ಸ್ ಫೈಲ್‌ನಲ್ಲಿ ಮೆಷಿನ್‌ನ ಸ್ವಂತ ಹೆಸರಿನ 127.0.1.1ರ ಸಾಲೇ ಇರಲಿಲ್ಲ! ಆ ಒಂದು ಸಾಲಿಗೆ ರಿಪೇರಿಯವನು ಬಂದುಹೋಗಲು 300, 'ಚೆಕಿಂಗ್' ಅಂತ 900, ಮೇಲೆ ಪೆಟ್ರೋಲ್ 60 ರೂಪಾಯಿ ತೆಗೆದುಕೊಂಡ. ಕೊನೆಗೆ ಹೇಳಿದ್ದು ಫಾರ್ಮ್ಯಾಟ್ ಮಾಡಿ ಅಂತ. ಸಾಲು ಬರೆದದ್ದು ನಾನೇ.

ಸರ್ವರ್‌ಮಾವ: ಮನೆ ಮೆಷಿನ್ ಸುಲಭ ಸ್ವಾಮಿ. ನನ್ನದು ಬಾಡಿಗೆ ಸರ್ವರ್. ಹೆಸರು ಸರಿ ಮಾಡಿದರೆ ರೀಬೂಟ್ ಆದ ತಕ್ಷಣ ಮತ್ತೆ ಹೋಗುತ್ತಿತ್ತು. ಬೂಟ್ ಆಗುವಾಗ ಸರ್ವರ್ ಸೆಟ್ಟಿಂಗ್ ಹಾಕುವ ಕ್ಲೌಡ್-ಇನಿಟ್‌ನ ಕೆಲಸ ಅದು. ಅಪ್‌ಗ್ರೇಡ್ ವೇಳೆ 'ಹೊಸ ಕಾನ್ಫಿಗ್ ಹಾಕಲಾ' ಅಂತ ಕೇಳಿದ್ದಕ್ಕೆ ನಮ್ಮ ಹುಡುಗ ವೈ ಒತ್ತಿದ್ದ. ಹೆಸರು ಹಾಗೇ ಉಳಿಸುವ 'ಪ್ರಿಸರ್ವ್ ಹೋಸ್ಟ್‌ನೇಮ್' ಸೆಟ್ಟಿಂಗ್ ಫಾಲ್ಸ್‌ಗೆ ಹೋಗಿ ಕೂತಿತ್ತು. ಟ್ರೂ ಮಾಡಿದೆ, ಅಲ್ಲಿಗೆ ನಿಂತಿತು. ಅಷ್ಟರಲ್ಲಿ ಬ್ಯಾಕಪ್ ಎಲ್ಲ ಬೇರೆ ಹೆಸರಿನ ಫೋಲ್ಡರ್‌ಗೆ ಬಿದ್ದು ಡಿಸ್ಕ್ ತುಂಬಿತು. ಗಿರಾಕಿ ಬಿಲ್‌ನಲ್ಲಿ 8,000 ಕಡಿದರು. ಇವತ್ತಿಗೂ ಕೊಟ್ಟಿಲ್ಲ.

ಹೊಸಇನ್‌ಸ್ಟಾಲ್: ಅದಕ್ಕೇ ನಾನು ಅಪ್‌ಗ್ರೇಡ್ ಮಾಡುವುದೇ ಇಲ್ಲ. ನನ್ನ ಫೈಲ್‌ಗಳಿರುವ ಹೋಮ್ ಡಿಸ್ಕ್‌ನ ಬೇರೆ ಭಾಗದಲ್ಲಿ (ಪಾರ್ಟಿಶನ್), ಹೊಸದಾಗಿ ಇನ್‌ಸ್ಟಾಲ್, ಮುಗೀತು.

ಡೆಬಿಯನ್‌ದಾಸ: ಒಂದು ಸಾಲು ಸೇರಿಸಲು ಇಡೀ ಸಿಸ್ಟಮ್ ಅಳಿಸಬೇಕಾ? ನನ್ನ ರಿಪೇರಿಯವನು ನೀವೇನಾ?

ಹೊಸಇನ್‌ಸ್ಟಾಲ್: 1,260 ರೂಪಾಯಿ ಕೊಟ್ಟವರು ನೀವು, ನಾನಲ್ಲ.

ಸಾಂಬಾಭಟ್ಟ: ಜಗಳ ಆಮೇಲೆ ಆಡಿ. ನಮ್ಮ ಸೊಸೈಟಿಯಲ್ಲಿ ಲೆಕ್ಕದ ಕಂಪ್ಯೂಟರ್‌ಗೆ ಉದ್ದ ಹೆಸರು ಇಟ್ಟಿದ್ದರು. ವಿಂಡೋಸ್ ನೆಟ್‌ವರ್ಕ್‌ನ ಹಳೆಯ ಹೆಸರು ಪದ್ಧತಿ ನೆಟ್‌ಬಯಾಸ್ 15 ಅಕ್ಷರಕ್ಕಿಂತ ಜಾಸ್ತಿ ಒಪ್ಪುವುದಿಲ್ಲ. ಮೊಟಕು ಮಾಡಿ ಸಾಂಬಾ (ಲಿನಕ್ಸ್ ಫೋಲ್ಡರ್ ವಿಂಡೋಸ್‌ಗೆ ಶೇರ್ ಮಾಡುವ ಪ್ರೋಗ್ರಾಮ್) ರೀಸ್ಟಾರ್ಟ್ ಮಾಡಿದ ಮೇಲೆ ವಿಂಡೋಸ್‌ನವರಿಗೆ ಕಂಡಿತು. ಶಾರ್ಟ್‌ಕಟ್ ಮಾತ್ರ ಎಲ್ಲ ಟೇಬಲ್‌ನಲ್ಲೂ ಹೊಸದಾಗಿ ಮಾಡಬೇಕಾಯಿತು. ಆ ದಿನ ಚೀಟಿ ಕೈಯಲ್ಲೇ ಬರೆದೆವು, ಅಧ್ಯಕ್ಷರ ಬೈಗುಳ ಬೇರೆ.

ಪ್ರೆಸ್‌ಹುಡುಗ: ನನ್ನದು 9 ಅಕ್ಷರ. ಹೋಸ್ಟ್‌ನೇಮ್ ಫೈಲ್ ಸರಿಯಾಗೇ ಇದೆ...

ಸರ್ವರ್‌ಮಾವ: ಹಾಗಾದರೆ ಕ್ಲೌಡ್-ಇನಿಟ್ಟೂ ಇರಬಹುದು. ಉಬುಂಟು ಸರ್ವರ್ ಹಾಕಿದ್ದೀರಾ?

ಡೆಬಿಯನ್‌ದಾಸ: ಅಂಗಡಿ ಮೆಷಿನ್‌ಗೆ ಅದ್ಯಾಕೆ ಬೇಕು? ಡೆಬಿಯನ್ ಹಾಕಿ ಸುಮ್ನೆ.

ಹೊಸಇನ್‌ಸ್ಟಾಲ್: ಓಹೋ, ಈಗ ಅಳಿಸಬಹುದಾ?